60 ದಾಟಿದವರ ಕಾರಿಗೆ ವಿಮೆ ಸಿಗುವುದಿಲ್ಲವೇ? ನಿಜ ಏನು?

"ವಯಸ್ಸು 60 ದಾಟಿದ ಮೇಲೆ ಕಾರು ಓಡಿಸಿದರೆ ವಿಮೆ ಹಣ ಬರುವುದಿಲ್ಲ, ಪ್ರೀಮಿಯಂ ಕೂಡ ದುಪ್ಪಟ್ಟಾಗುತ್ತದೆ." ಹಿರಿಯರಿರುವ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಇದು ಎಷ್ಟು ನಿಜ ಎಂದು ನೋಡೋಣ.

ಈ ನಂಬಿಕೆ ಎಲ್ಲಿಂದ ಬಂತು?

ಅಮೆರಿಕ, ಬ್ರಿಟನ್‌ನಂತಹ ದೇಶಗಳಲ್ಲಿ ಕಾರು ವಿಮೆಯ ದರಕ್ಕೆ ಚಾಲಕರ ವಯಸ್ಸೂ ಒಂದು ಮುಖ್ಯ ಆಧಾರ. ಅಲ್ಲಿ ಹದಿಹರೆಯದವರಿಗೆ ಪ್ರೀಮಿಯಂ ಹೆಚ್ಚು, ನಡುವಯಸ್ಸಿನಲ್ಲಿ ಕಡಿಮೆ, 70ರ ಆಸುಪಾಸಿನ ನಂತರ ಸಾಮಾನ್ಯವಾಗಿ ಮತ್ತೆ ಏರಿಕೆ. ಆ ಲೆಕ್ಕವನ್ನು ನಮ್ಮ ದೇಶಕ್ಕೆ ಹಾಗೇ ಅನ್ವಯಿಸಲಾಗದು.

ನಮ್ಮಲ್ಲಿ ಲೆಕ್ಕ ಹೇಗೆ?

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇದರ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, ಪೆಟ್ರೋಲ್ ಅಥವಾ ಡೀಸೆಲ್‌ನ ಖಾಸಗಿ ಕಾರಿಗೆ ವಾರ್ಷಿಕ ಪ್ರೀಮಿಯಂ (ಜಿಎಸ್‌ಟಿ ಬಿಟ್ಟು) ಹೀಗಿದೆ:

• 1000 ಸಿಸಿವರೆಗೆ: 2,094 ರೂ.
• 1000ದಿಂದ 1500 ಸಿಸಿವರೆಗೆ: 3,416 ರೂ.
• 1500 ಸಿಸಿಗಿಂತ ಹೆಚ್ಚು: 7,897 ರೂ.

ಇಲ್ಲಿ ನೋಡುವುದು ಎಂಜಿನ್ ಗಾತ್ರವನ್ನು. ಓಡಿಸುವವರಿಗೆ 25 ಆಗಿರಲಿ, 75 ಆಗಿರಲಿ, ದರ ಒಂದೇ.

ನಿಮ್ಮ ಕಾರಿಗೇ ಆದ ಹಾನಿಯನ್ನು ಭರಿಸುವ 'ಓನ್ ಡ್ಯಾಮೇಜ್' ಭಾಗದ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕಾರಿನ ಈಗಿನ ಬೆಲೆ (ಐಡಿವಿ), ಕಾರು ಎಷ್ಟು ಹಳೆಯದು, ನೋಂದಣಿಯಾದ ಊರು ಇದರಲ್ಲಿ ಮುಖ್ಯ. ಹಾಗಾಗಿ ನವೀಕರಣಕ್ಕೆ ಮೊದಲು ಎರಡು ಮೂರು ಕಡೆ ದರ ವಿಚಾರಿಸಿ.

ಹಾಗಾದರೆ ಹಿರಿಯರಿಗೆ ತೊಂದರೆ ಎಲ್ಲಿ?

ತೊಂದರೆ ಇರುವುದು ವಯಸ್ಸಿನಲ್ಲಲ್ಲ, ಅವಧಿ ಮುಗಿದ ಲೈಸೆನ್ಸ್‌ನಲ್ಲಿ! ಕಾರು ಓಡಿಸಲು ಕಾನೂನಿನಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆದರೆ 55 ದಾಟಿದವರಿಗೆ ಲೈಸೆನ್ಸ್ ಸಿಗುವುದು ಒಮ್ಮೆಗೆ 5 ವರ್ಷಕ್ಕೆ ಮಾತ್ರ. ವಿಮೆಯನ್ನು ಪ್ರತಿವರ್ಷ ಕಟ್ಟುವವರೂ ಇದನ್ನು ಮರೆತುಬಿಡುತ್ತಾರೆ.

ಅಪಘಾತದ ದಿನ ಲೈಸೆನ್ಸ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಕಾರಿನ ರಿಪೇರಿಯ ಕ್ಲೇಮ್ ತಿರಸ್ಕೃತವಾಗಬಹುದು. ಮಾಲೀಕ-ಚಾಲಕರಿಗಿರುವ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಗೂ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು. ಬೇರೆಯವರಿಗೆ ಪೆಟ್ಟಾದ ಪ್ರಕರಣದಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು, ನಂತರ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡುವ ಸಂದರ್ಭಗಳೂ ಇವೆ. ನಿವೃತ್ತಿಯ ಉಳಿತಾಯಕ್ಕೇ ಕುತ್ತು ಬರುವುದು ಇಲ್ಲಿ.

ಏನು ಮಾಡಬೇಕು?

• ಅಪ್ಪ, ಅಮ್ಮ, ಅಜ್ಜನ ಲೈಸೆನ್ಸ್ ಅವಧಿ ಎಂದು ಮುಗಿಯುತ್ತದೆ ಎಂದು ಇಂದೇ ನೋಡಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು.
• 40 ದಾಟಿದವರಿಗೆ ವೈದ್ಯರು ಸಹಿ ಮಾಡಿದ ಫಾರ್ಮ್ 1ಎ ಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತಿಸಬಲ್ಲರೇ ಎಂಬುದೂ ಅದರಲ್ಲಿದೆ. ಇದನ್ನು ಬರೀ ಸಹಿಯ ಶಾಸ್ತ್ರ ಮಾಡದೆ ಕಣ್ಣು ಪರೀಕ್ಷೆ ಮಾಡಿಸಿ.
• ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್, ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50%ವರೆಗೆ ರಿಯಾಯಿತಿ ಕೊಡುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಅದು ಕೈತಪ್ಪುತ್ತದೆ.
• ಕಾರು ಅಪರೂಪಕ್ಕೆ ಹೊರಬರುವುದಾದರೆ, ಓಡಿದ ಕಿಲೋಮೀಟರ್ ಆಧರಿಸಿದ 'ಪೇ ಆ್ಯಸ್ ಯೂ ಡ್ರೈವ್' ಸೌಲಭ್ಯವನ್ನು ವಿಚಾರಿಸಿ. 2022ರಿಂದ ಇದಕ್ಕೆ ಅನುಮತಿ ಇದೆ.

ನಮ್ಮ ತೀರ್ಮಾನ: 60 ದಾಟಿದರೆ ಕಾರು ವಿಮೆ ಸಿಗದು ಎಂಬುದು ಸುಳ್ಳು. ಆ ಸಂದೇಶ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು ಲೈಸೆನ್ಸ್ ದಿನಾಂಕ ನೋಡಿಕೊಳ್ಳಲು ಮನೆಯ ಹಿರಿಯರಿಗೆ ಹೇಳಿ.