ಎಲ್‌ಎಲ್‌ಪಿ: ಹೆಸರು ಆರಿಸುವುದು, ಕರಾರು ಪತ್ರ ಬರೆಯುವುದು

ಸಾಮಾನ್ಯ ಪಾಲುದಾರಿಕೆಯಲ್ಲಿ ಅಂಗಡಿಯ ಸಾಲಕ್ಕೆ ಪಾಲುದಾರರ ಮನೆ, ಜಮೀನೂ ಹೊಣೆಯಾಗುತ್ತದೆ. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯಡಿ ನೋಂದಾಯಿಸುವ ಎಲ್‌ಎಲ್‌ಪಿಯಲ್ಲಿ ಪಾಲುದಾರರ ಹೊಣೆ ಅವರು ಒಪ್ಪಿಕೊಂಡ ಬಂಡವಾಳಕ್ಕೆ ಸೀಮಿತ. ಸ್ವಂತ ತಪ್ಪು ಅಥವಾ ಮೋಸಕ್ಕೆ ಈ ರಕ್ಷಣೆ ಇಲ್ಲ. ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟವರಿಗೂ ಇಲ್ಲ.

ಯಾರು ಸೇರಬಹುದು?

ಕನಿಷ್ಠ ಇಬ್ಬರು ಪಾಲುದಾರರು ಬೇಕು. ಇಬ್ಬರು ಡೆಸಿಗ್ನೇಟೆಡ್ ಪಾರ್ಟ್‌ನರ್ ಆಗಿರಬೇಕು. ಅವರಲ್ಲಿ ಒಬ್ಬರಾದರೂ ಭಾರತದ ನಿವಾಸಿಯಾಗಿರಬೇಕು. ಹಿಂದೂ ಅವಿಭಕ್ತ ಕುಟುಂಬವಾಗಲಿ, ಅದರ ಪರವಾಗಿ ಕರ್ತನಾಗಲಿ ಪಾಲುದಾರರಾಗಲು ಬರುವುದಿಲ್ಲ. ಕುಟುಂಬದ ಸದಸ್ಯರು ತಮ್ಮ ತಮ್ಮ ಹೆಸರಿನಲ್ಲಿ ಸೇರಬಹುದು.

ಹೆಸರು

ಹೆಸರಿನ ಕೊನೆಯಲ್ಲಿ ‘ಎಲ್‌ಎಲ್‌ಪಿ’ ಎಂದೋ ಅದರ ಪೂರ್ಣ ರೂಪವೋ ಇರಲೇಬೇಕು. ಬೇರೆ ಎಲ್‌ಎಲ್‌ಪಿ, ಕಂಪನಿ ಅಥವಾ ಟ್ರೇಡ್‌ಮಾರ್ಕ್ ಹೆಸರನ್ನು ಹೋಲಬಾರದು. ತೀರ್ಥಂಕರರ, ಯಕ್ಷಿಯರ ಹೆಸರುಗಳನ್ನು ದೇಶದ ಎಷ್ಟೋ ಸಂಸ್ಥೆಗಳು ಇಟ್ಟುಕೊಂಡಿವೆ. ಆದ್ದರಿಂದ ಜೊತೆಗೆ ಊರು, ಮನೆತನ ಅಥವಾ ಸರಕನ್ನು ಸೂಚಿಸುವ ಪದ ಸೇರಿಸುವುದು ಒಳ್ಳೆಯದು. ತಾತನ ಕಾಲದ ಅಂಗಡಿಯ ಹೆಸರೂ ಸಿಗದೇ ಹೋಗಬಹುದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ ಮತ್ತು ಟ್ರೇಡ್‌ಮಾರ್ಕ್ ನೋಂದಣಿ ಎರಡನ್ನೂ ಹುಡುಕಿ ನೋಡಿದ ಮೇಲೆಯೇ ಬೋರ್ಡು, ಬಿಲ್ ಪುಸ್ತಕ ಮಾಡಿಸಬೇಕು. ಮೀಸಲಾದ ಹೆಸರು ಮೂರು ತಿಂಗಳು ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ನೋಂದಣಿ ಮುಗಿಸಬೇಕು.

ಕರಾರು ಪತ್ರ

ನೋಂದಣಿಯಾದ 30 ದಿನಗಳೊಳಗೆ ಕರಾರಿನ ವಿವರವನ್ನು ಫಾರ್ಮ್ 3ರಲ್ಲಿ ಸಲ್ಲಿಸಬೇಕು. ರಾಜ್ಯದ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು.

ಕರಾರಿನಲ್ಲಿ ಬರೆಯದ ವಿಷಯಕ್ಕೆ ಕಾಯ್ದೆಯ ಮೊದಲ ಅನುಸೂಚಿ ಅನ್ವಯಿಸುತ್ತದೆ. ಅದರಂತೆ ಬಂಡವಾಳ, ಲಾಭ, ನಷ್ಟ ಎಲ್ಲರಿಗೂ ಸಮಪಾಲು. ಅಣ್ಣ 18 ಲಕ್ಷ, ತಮ್ಮ 2 ಲಕ್ಷ ಹಾಕಿದ್ದು, ಪಾಲಿನ ಮಾತು ಬಾಯಿಮಾತಿನಲ್ಲೇ ಉಳಿದಿದ್ದರೆ ಅಣ್ಣನಿಗೆ ಸಿಗುವುದು ಅರ್ಧವೇ. ದಿನವಿಡೀ ಗಲ್ಲದ ಮೇಲೆ ಕೂತು ದುಡಿದವರಿಗೂ ಸಂಬಳ ಕೇಳುವ ಹಕ್ಕಿಲ್ಲ.

ಆದ್ದರಿಂದ ಈ ಅಂಶಗಳನ್ನು ಬಿಡದೆ ಬರೆಯಿಸಬೇಕು:

* ಯಾರ ಬಂಡವಾಳ ಎಷ್ಟು, ಲಾಭ-ನಷ್ಟದ ಪಾಲು ಎಷ್ಟು
* ದುಡಿಯುವ ಪಾಲುದಾರರ ಸಂಬಳ, ಬಂಡವಾಳದ ಮೇಲಿನ ಬಡ್ಡಿ
* ಬ್ಯಾಂಕ್ ಸಹಿ, ಸಾಲ ಪಡೆಯುವ ಅಧಿಕಾರ
* ಹೊಸಬರನ್ನು ಸೇರಿಸುವ, ಇರುವವರು ಬಿಡುವ ಕ್ರಮ
* ಪಾಲುದಾರರು ತೀರಿಕೊಂಡರೆ ಲೆಕ್ಕ ತೀರಿಸುವ ಬಗೆ
* ವ್ಯಾಜ್ಯ ಬಂದರೆ ಪಂಚರು ಯಾರು

ತೀರಿಕೊಂಡವರ ಹೆಂಡತಿ, ಮಕ್ಕಳು ತಾವಾಗಿಯೇ ಪಾಲುದಾರರಾಗುವುದಿಲ್ಲ. ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ ಅವರಿಗೆ ಸಲ್ಲುವುದು ಬಂಡವಾಳ ಮತ್ತು ಕೂಡಿಬಂದ ಲಾಭದ ಪಾಲು, ಅದೂ ನಷ್ಟ ಕಳೆದು. ಎಷ್ಟು ಕಂತು, ಎಷ್ಟು ತಿಂಗಳು ಎಂಬುದೂ ಬರಹದಲ್ಲಿರಲಿ.

ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಹೆಸರಿಗೆ ಮಾತ್ರ ಪಾಲುದಾರರನ್ನಾಗಿ ಮಾಡುತ್ತಾರೆ. ಸಹಿ ಹಾಕುವ ಮೊದಲು ಕರಾರನ್ನು ಅವರಿಗೂ ಕನ್ನಡದಲ್ಲಿ ಓದಿ ಹೇಳಬೇಕು. ಸಹಿಯೊಂದಿಗೆ ಹಕ್ಕೂ ಬರುತ್ತದೆ, ಹೊಣೆಯೂ ಬರುತ್ತದೆ.