ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ಡಾಲ್ಫಿನ್

ಹಾಸನದ ಕಡೆಯ ಹಿರಿಯರನ್ನು ಕೇಳಿ ನೋಡಿ. ಮೋಟಾರು ವಾಹನ ನಿರೀಕ್ಷಕರನ್ನು ಅವರು ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದೇ ಕರೆಯುತ್ತಾರೆ. ಕಾಗದಪತ್ರದಲ್ಲಿ ಹುದ್ದೆಯ ಹೆಸರು ಬೇರೆ. ಆದರೆ ಜನ ಸುಮ್ಮನೆ ಹೆಸರಿಡುವುದಿಲ್ಲ. ಗಾಡಿ ಓಡುವುದು ಮಾಲೀಕನ ಅಗತ್ಯ, ನಿಲ್ಲುವುದು ಊರಿನವರೆಲ್ಲರ ಅಗತ್ಯ. ವಾಹನ ತಪಾಸಣೆಯ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿದೆ.

ಬ್ರಿಟನ್ನಿನಲ್ಲಿ ಖಾಸಗಿ ಕಾರುಗಳ ತಪಾಸಣೆ ಆರಂಭವಾದದ್ದು 1960ರಲ್ಲಿ. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ನೋಡುತ್ತಿದ್ದುದು ಬ್ರೇಕು, ಸ್ಟೀರಿಂಗು, ದೀಪ, ಈ ಮೂರನ್ನೇ. 1967ರ ಹೊತ್ತಿಗೆ ಮೂರು ವರ್ಷದ ಕಾರೂ ಪರೀಕ್ಷೆಗೆ ಬರಬೇಕಾಯಿತು. ನಮ್ಮಲ್ಲಿ 1914 ಮತ್ತು 1939ರ ಕಾಯ್ದೆಗಳ ನಂತರ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ. ಅದು 1989ರ ಜುಲೈ 1ರಂದು ಜಾರಿಗೆ ಬಂತು. ಅದರ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. ಇದನ್ನೇ ನಾವು ‘ಎಫ್.ಸಿ. ಮಾಡಿಸುವುದು’ ಎನ್ನುತ್ತೇವೆ.

ಈಗ ನಮ್ಮದೇ ಒಂದು ಕಾರಿನ ಕಥೆಗೆ ಬರೋಣ. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಎಂಜಿನ್ 848 ಸಿ.ಸಿ., ಮೈ ಫೈಬರ್‌ಗ್ಲಾಸ್, ಕೆಳಗೆ ಉಕ್ಕಿನ ಚಾಸಿಸ್. ತೂಕ ಕಡಿಮೆಯಾದ್ದರಿಂದ ರ‍್ಯಾಲಿ, ರೇಸುಗಳಲ್ಲಿ ಹೆಸರು ಮಾಡಿತು. ಅಂಬಾಸಿಡರ್, ಫಿಯಟ್‌ಗಳನ್ನಷ್ಟೇ ಕಂಡಿದ್ದ ನಮಗೆ ಅದೇ ಸ್ಪೋರ್ಟ್ಸ್ ಕಾರು. ಆದರೆ 1983ರ ಡಿಸೆಂಬರ್‌ನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಡಾಲ್ಫಿನ್ ಹಿಂದೆ ಬಿತ್ತು, ಕಾಲಕ್ರಮೇಣ ನಿಂತೂಹೋಯಿತು. ಕಾರಿನ ತಯಾರಿಕೆ ನಿಂತ ಮೇಲೆ ಅದನ್ನು ಉಳಿಸುವ ಕಾರ್ಖಾನೆ ಯಾವುದು? ಮಾಲೀಕನ ಮನೆಯಂಗಳ.

ಅರಕಲಗೂಡಿನ ನನ್ನ ಸೋದರಮಾವನ ಅಂಗಳದಲ್ಲಿ ಅಂಥದೊಂದು ಕಾರಿತ್ತು. 1985ರಲ್ಲಿ ಕೊಂಡದ್ದು, 2000ದಲ್ಲಿ 15 ವರ್ಷ ತುಂಬಿತು. ನಾನಾಗ ಬಿ.ಎಸ್ಸಿ. ವಿದ್ಯಾರ್ಥಿ. ರಜೆಯಲ್ಲಿ ಇಬ್ಬರೂ ರಿಪೇರಿಗೆ ಕುಳಿತೆವು. ಮೈಮೇಲಿನ ಬಿರುಕುಗಳನ್ನು ಉಜ್ಜಿ, ಗಾಜಿನ ನಾರಿನ ಮ್ಯಾಟ್ ಇಟ್ಟು ರೆಸಿನ್ ಬಳಿದೆವು. ಹಾರ್ಡ್‌ನರ್ ಹೆಚ್ಚಾದರೆ ರೆಸಿನ್ ಬಿಸಿಯೇರಿ ಬೇಗ ಗಟ್ಟಿಯಾಗುತ್ತದೆ, ಆದರೆ ಬಿರುಸಾಗಿ ಒಡೆಯುತ್ತದೆ. ಮೊದಲ ಮಗ್ಗು ಹಾಗೆಯೇ ಹಾಳಾಯಿತು. ದೀಪಗಳು ಮಿಣುಕುತ್ತಿದ್ದವು. ಚನ್ನರಾಯಪಟ್ಟಣದ ಹೆದ್ದಾರಿ ಬದಿಯಲ್ಲಿ ಲಾರಿಗಳ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಕಾರಣ ಹೇಳಿದರು. ತಗಡಿನ ಕಾರಿನಲ್ಲಿ ಮೈಯೇ ಅರ್ತು. ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಬೇರೆ ಅರ್ತ್ ತಂತಿ ಬೇಕು. ತಂತಿಯ ತುದಿಗಳನ್ನು ಎಮೆರಿ ಕಾಗದದಿಂದ ಉಜ್ಜಿದ್ದೇ ತಡ, ದೀಪಗಳು ಬೆಳಗಿದವು. ಬ್ರೇಕಿನ ವ್ಹೀಲ್ ಸಿಲಿಂಡರ್ ರಬ್ಬರುಗಳನ್ನು ಬದಲಿಸಿದೆವು. ಗಾಳಿಯ ತೇವವನ್ನು ಹೀರಿಕೊಂಡಿದ್ದ ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿದೆವು.

ಇಷ್ಟಾಗಿಯೂ ಒಂದು ತಪ್ಪು ಮಾಡಿದೆವು. ಹಿಂಚಕ್ರದ ಬಳಿ ಚಾಸಿಸ್ ಅಂಗೈಯಗಲ ತುಕ್ಕು ಹಿಡಿದಿತ್ತು. ಅದಕ್ಕೆ ಪುಟ್ಟಿ ಮೆತ್ತಿ ಕರಿ ಬಣ್ಣ ಹೊಡೆದವನು ನಾನೇ.

ಗೊರೂರಿನ ಹಾದಿಯಲ್ಲಿ ಹೇಮಾವತಿ ದಾಟಿ ಹಾಸನ ತಲುಪಿದೆವು. ನಿರೀಕ್ಷಕರು ಪೆನ್ಸಿಲ್ ಉಜ್ಜಿ ತೆಗೆದ ಚಾಸಿಸ್ ನಂಬರಿನ ಅಚ್ಚನ್ನು ಪುಸ್ತಕದೊಂದಿಗೆ ತಾಳೆ ನೋಡಿದರು. ದೀಪ ಸರಿ, ಬ್ರೇಕ್ ಸರಿ. ಮಾವ ಹುರುಪಿನಿಂದ, “ಬಾಡಿ ನೋಡಿ ಸಾರ್, ಒಂದು ಚುಕ್ಕಿ ತುಕ್ಕಿಲ್ಲ” ಎಂದರು. “ಬಾಡಿ ಬಿಡಿ ಯಜಮಾನರೇ, ಕೆಳಗೆ ಬಗ್ಗಿ ನೋಡಿ” ಎಂದ ಅವರು ನಾನು ಬಣ್ಣ ಹೊಡೆದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯವರೆಗೂ ಒಳಕ್ಕೆ ಹೋಯಿತು.

ವಾಪಸು ಬರುವಾಗ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಸೇತುವೆ ದಾಟಿದ ಮೇಲೆ, “ಇದರಲ್ಲೇ ಅಲ್ವೇನೋ ನಿಮ್ಮತ್ತೆ, ಮಕ್ಕಳನ್ನ ಕೂರಿಸಿಕೊಂಡು ಓಡಾಡೋದು? ನೀನು ಓದಿದವನು, ನಿನಗಾದರೂ ಹೊಳೀಲಿಲ್ವೇ?” ಎಂದರು. ವೇಗ ಇಮ್ಮಡಿಯಾದರೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆ ಬಲವನ್ನೆಲ್ಲ ಹೊರುವುದು ಚಾಸಿಸ್ ಎಂಬುದು ಪುಟ್ಟಿ ಮೆತ್ತುವಾಗ ನೆನಪಾಗಿರಲಿಲ್ಲ. ಉತ್ತರ ಕೊಡಲು ಆಗಲಿಲ್ಲ.

ಹೊಳೆನರಸೀಪುರದ ವೆಲ್ಡಿಂಗ್ ಶೆಡ್ಡಿನಲ್ಲಿ ಪೆಟ್ರೋಲ್ ಟ್ಯಾಂಕ್ ಇಳಿಸಿ, ಕೊಳೆತ ಭಾಗ ಕತ್ತರಿಸಿ, ಉಕ್ಕಿನ ತಗಡು ಬೆಸೆಸಿದೆವು. ಎರಡನೆಯ ಸಲ ಕಾರು ಪಾಸಾಯಿತು. ಅಂದು ತುಕ್ಕು ಹಿಡಿಯದ ಮೈಯೇ ನಮ್ಮನ್ನು ಮೋಸಗೊಳಿಸಿತ್ತು. ಕಾಣುವ ಭಾಗ ಹೊಳೆಯುತ್ತಿದ್ದರೆ ಕಾಣದ ಭಾಗದ ನೆನಪಾಗುವುದಿಲ್ಲ.

ಅಂದಿನಿಂದ ನಿಯಮಗಳು ಬಿಗಿಯಾಗಿವೆ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 50 ವರ್ಷ ದಾಟಿದ ಕಾರುಗಳಿಗೆ ‘ವಿಂಟೇಜ್’ ಮನ್ನಣೆ ಕೊಡುವ ನಿಯಮ 2021ರಲ್ಲಿ ಬಂತು. ಆ ಲೆಕ್ಕದಲ್ಲಿ ಮೊದಮೊದಲ ಡಾಲ್ಫಿನ್‌ಗಳು 2032ರವರೆಗೆ ಕಾಯಬೇಕು.

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಅಂಥ ಹಳೆಯ ಗಾಡಿ ಇದ್ದರೆ ದಯವಿಟ್ಟು ಉಳಿಸಿ. ಬಣ್ಣ, ದೀಪ, ರೆಸಿನ್ ಕೆಲಸ ಮನೆಯಲ್ಲೇ ಆದೀತು. ಆದರೆ ಬ್ರೇಕ್ ಮತ್ತು ಚಾಸಿಸ್ಸನ್ನು ಬಲ್ಲವರಿಗೆ ತೋರಿಸಿ. ಪುಟ್ಟಿಯ ಡಬ್ಬಿ ತೆರೆಯುವ ಮುನ್ನ ಒಮ್ಮೆ ನೀವೇ ಕೆಳಗೆ ಬಗ್ಗಿ, ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿ.