ಮನೆಯ ಮೂಗು

ವಿಜಯಪುರ ಜಿಲ್ಲೆಯ ನಮ್ಮೂರಿನ ಮನೆ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ಮೊಳದುದ್ದ ದಪ್ಪದ ಮಣ್ಣು. ನಡುಮನೆಯ ನೆತ್ತಿಯಲ್ಲಿ ಗಂಗಾಳದಷ್ಟಗಲದ ಒಂದು ಬೆಳಕಿಂಡಿ. ಮಳೆ ಬಂದಾಗ ಮಾಳಿಗೆ ಹತ್ತಿ ಅದಕ್ಕೆ ಕಲ್ಲು ಮುಚ್ಚಿ ಬರುವುದು ಹುಡುಗನಾಗಿದ್ದ ನನ್ನ ಕೆಲಸ. ಅದು ಇರುವುದು ಬೆಳಕಿಗಾಗಿ ಎಂದೇ ತಿಳಿದಿದ್ದೆ. ಹೆಸರೂ ಹಾಗೆಯೇ ಇದೆಯಲ್ಲ!

1986ರಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದೆ. ಬೆಳಕಿಂಡಿಗೆ ಜಾಗ ಬಿಡಿಸು ಎಂದು ಅವ್ವ ಅಂದಳು. "ಮನಿಗೂ ಮೂಗು ಬೇಕೋ ತಮ್ಮಾ." ನಾನು ನಕ್ಕೆ. "ಫ್ಯಾನ್ ಹಾಕಸ್ತೀನಲ್ಲಬೇ" ಅಂದೆ.

ಫ್ಯಾನೂ ಬಂತು. ಆದರೆ ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿಯೆಲ್ಲ ಅದನ್ನು ಕೆಳಗೆ ಉಗುಳುತ್ತಿತ್ತು. ಫ್ಯಾನು ಆ ಬಿಸಿಗಾಳಿಯನ್ನೇ ಕಲಕುತ್ತಿತ್ತು. ಅವ್ವ ಒಂದು ಮಾತೂ ಆಡದೆ ಕೌದಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ಬದುಕಿರುವವರೆಗೂ ಬೇಸಿಗೆಯಲ್ಲಿ ಆ ಮನೆಯೊಳಗೆ ಮಲಗಲಿಲ್ಲ.

ತಂಪಿಗಾಗಿ ಮನುಷ್ಯ ಪಟ್ಟ ಪಾಡು ಸಣ್ಣದಲ್ಲ. ಕಂಪನಿ ಸರಕಾರದ ಸಾಹೇಬರು ಚಾವಣಿಗೆ ಬಟ್ಟೆಯ ಪಂಖಾ ತೂಗಿಸಿ, ರಾತ್ರಿಯೆಲ್ಲ ಹಗ್ಗ ಎಳೆಯಲು ಬಡವನೊಬ್ಬನನ್ನು ಹೊರಗೆ ಕೂಡಿಸುತ್ತಿದ್ದರು. ತೂಕಡಿಸಿದರೆ ಒದೆ, ಹಾಗೆ ಹೊಡೆತ ತಿಂದು ಸತ್ತವರೂ ಇದ್ದರು. 1830ರ ದಶಕದಲ್ಲಿ 'ಥರ್ಮ್ಯಾಂಟಿಡೋಟ್' ಎಂಬ ಯಂತ್ರ ಬಳಕೆಯಲ್ಲಿತ್ತು. ಮರದ ದೊಡ್ಡ ಪೆಟ್ಟಿಗೆ, ಒಳಗೆ ಕೈಯಿಂದ ತಿರುಗಿಸುವ ರೆಕ್ಕೆ, ಪಕ್ಕಕ್ಕೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ತಂಪು ಒಬ್ಬನದು, ಬೆವರು ಇನ್ನೊಬ್ಬನದು.

ಈ ಬೆವರನ್ನು ಒರೆಸಿದ್ದು ವಿದ್ಯುತ್ತು. ವಿದ್ಯುತ್ ಫ್ಯಾನು ಹುಟ್ಟಿದ್ದು ಅಮೆರಿಕದಲ್ಲಿ, 1882ರ ಸುಮಾರಿಗೆ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದೇ ವರ್ಷ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಮುದ್ರಣಾಲಯವೊಂದಕ್ಕೆ ಏರ್ ಕಂಡೀಷನರಿನ ನಕ್ಷೆ ಬರೆದ. ಅದು ಮನುಷ್ಯರಿಗಾಗಿ ಅಲ್ಲ, ತೇವಕ್ಕೆ ಹಿಗ್ಗಿ ಕುಗ್ಗುತ್ತಿದ್ದ ಕಾಗದಕ್ಕಾಗಿ!

ಇವೆರಡರ ನಡುವೆ ಇನ್ನೊಂದು ದಾರಿಯಿದೆ ಎಂದು ನನಗೆ ಗೊತ್ತಾದದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರುವ ಮಗಳ ಮನೆಗೆ ಹೋದಾಗ. ಅಲ್ಲಿ ಜುಲೈ ತಿಂಗಳ ಹಗಲು 35 ಡಿಗ್ರಿ ದಾಟಿದರೂ, ಸಂಜೆ ನದೀಮುಖದ ಕಡೆಯಿಂದ ಗಾಳಿ ಬೀಸಿ ರಾತ್ರಿ 16ಕ್ಕೆ ಇಳಿಯುತ್ತದೆ. ಹೊರಗೆ ತಂಪಾಗುತ್ತಲೇ ಮಗಳು ಕಿಟಕಿಗಳನ್ನೆಲ್ಲ ತೆರೆದು ಒಂದು ಗುಂಡಿ ಒತ್ತಿದಳು. ನಡುಮನೆಯ ಚಾವಣಿಯ ಜಾಲರಿಯ ಹಿಂದೆ ಏನೋ ಗುಂಯ್‌ಗುಟ್ಟಿತು. ಕಿಟಕಿಯ ಪರದೆಗಳು ಒಳಕ್ಕೆ ಉಬ್ಬಿದವು. "ಇಡೀ ಮನೆಗೆ ಇದೊಂದೇ ಫ್ಯಾನ್, ಅಪ್ಪಾ" ಅಂದಳು. ಮೇಲೆ ಸೇರಿದ ಬಿಸಿಗಾಳಿಯನ್ನು ಅದು ಅಟ್ಟಕ್ಕೆ ನೂಕುತ್ತದೆ. ಅಲ್ಲಿನ ಕಿಂಡಿಗಳಿಂದ ಅದು ಹೊರಬೀಳುತ್ತದೆ. ಖಾಲಿಯಾದ ಜಾಗಕ್ಕೆ ಕಿಟಕಿಯಿಂದ ರಾತ್ರಿಯ ತಂಪು ಬರುತ್ತದೆ. ಗೋಡೆಗಳೂ ತಣಿಯುತ್ತವೆ. ಬೆಳಗ್ಗೆ ಕಿಟಕಿ ಮುಚ್ಚಿದರೆ ಆ ತಂಪೇ ಮಧ್ಯಾಹ್ನದವರೆಗೆ ಬುತ್ತಿ. ಕರೆಂಟಿನ ಖರ್ಚು ಏರ್ ಕಂಡೀಷನರಿನದಕ್ಕಿಂತ ಬಹಳ ಕಡಿಮೆ. ಏರ್ ಕಂಡೀಷನರು ಮನೆಮನೆಗೆ ಬರುವ ಮುಂಚೆ ಅಮೆರಿಕದ ದಕ್ಷಿಣ ಸೀಮೆಯ ಎಷ್ಟೋ ಮನೆಗಳು ಇಂಥ ಅಟ್ಟದ ಫ್ಯಾನನ್ನೇ ನಂಬಿದ್ದವಂತೆ.

ಇದಕ್ಕೂ ಮಿತಿಗಳುಂಟು. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿರಬೇಕು; ರಾತ್ರಿಯೂ ಬೆವರಿಳಿಸುವ ಮಂಗಳೂರಿನಲ್ಲಿ ಇದು ಅಷ್ಟು ಫಲಿಸದು. ಕಿಟಕಿ ತೆರೆಯದೆ ಹಾಕಿದರಂತೂ ಗ್ಯಾಸ್ ಒಲೆ, ಬಾಯ್ಲರುಗಳ ವಿಷದ ಹೊಗೆಯನ್ನೇ ಮನೆಯೊಳಗೆ ಎಳೆದುಕೊಂಡೀತು. ನಮ್ಮ ಬಯಲುಸೀಮೆಗೆ ಮಾತ್ರ, ಹಗಲು ಸುಟ್ಟು ರಾತ್ರಿ ಆರುವ ನೆಲಕ್ಕೆ, ಹೇಳಿ ಮಾಡಿಸಿದಂತಿದೆ.

ಆ ಜಾಲರಿಯ ಕೆಳಗೆ ನಿಂತು ನಾನು ಬಹಳ ಹೊತ್ತು ಮೇಲೆ ನೋಡಿದೆ. ನಮ್ಮ ಬೆಳಕಿಂಡಿ ಮಾಡುತ್ತಿದ್ದದ್ದೂ ಇದನ್ನೇ, ಕರೆಂಟಿಲ್ಲದೆ, ಬಿಲ್ಲಿಲ್ಲದೆ, ತನ್ನ ಕೈಲಾದಷ್ಟು. ಶಾಲೆಗೆ ಹೋಗದ ಅವ್ವನಿಗೆ ಅದು ಗೊತ್ತಿತ್ತು. ಬಿಸಿಗಾಳಿ ಮೇಲೇರುತ್ತದೆಂದು ಪುಸ್ತಕದಲ್ಲಿ ಓದಿದ್ದ ನನಗೆ ಗೊತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಮೆಟ್ಟಿಲು ಕೋಣೆಯ ನೆತ್ತಿಯಲ್ಲಿ ಗೋಡೆ ಒಡೆಸಿ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನ್ ಕೂಡಿಸಿದೆ. ಬೇಸಿಗೆಯ ರಾತ್ರಿ ಹೊರಗೆ ತಣ್ಣಗಾದ ಮೇಲೆ ಕಿಟಕಿ ತೆರೆದು ಅದನ್ನು ಹಾಕುತ್ತೇನೆ. ಸ್ವಲ್ಪ ಹೊತ್ತಿಗೆ ಮನೆ ಉಸಿರಾಡತೊಡಗುತ್ತದೆ. ಅಂಗಳದತ್ತ ಕಣ್ಣು ಹೋಗುತ್ತದೆ. ಒಳಗೆ ಬಾ ಎಂದು ಕರೆಯಲು ಅಲ್ಲಿ ಅವ್ವ ಇಲ್ಲ.